ಬೆಳವಣಿಗೆಯ ಮಾತುಗಳು

ಮಗು ಬೆಳೆಯುತ್ತದೆ, ಹೊಳೆಯ ನೀರು ಏರುತ್ತದೆ, ಹಿಟ್ಟು ಉಬ್ಬುತ್ತದೆ, ಬಳ್ಳಿ ಹಬ್ಬುತ್ತದೆ, ಪೆಟ್ಟು ಬಿದ್ದ ಕಾಲು ಊದಿಕೊಳ್ಳುತ್ತದೆ. ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ದೊಡ್ಡದಾಗುವ ಕ್ರಿಯೆಗಳೇ. ಆದರೂ ಕಾಲು ಹಬ್ಬಿತೆಂದಾಗಲಿ, ಬಳ್ಳಿ ಊದಿಕೊಂಡಿತೆಂದಾಗಲಿ ಕನ್ನಡಿಗರಾರೂ ಹೇಳುವುದಿಲ್ಲ. ಯಾವ ವಸ್ತು ಯಾವ ರೀತಿಯಲ್ಲಿ ದೊಡ್ಡದಾಯಿತು ಎಂಬ ತಿಳಿವಳಿಕೆ ಆಯಾ ಕ್ರಿಯಾಪದದಲ್ಲಿಯೇ ಅಡಗಿದೆ. ಇಂಗ್ಲಿಷ್ ಭಾಷೆಯಲ್ಲಿಯೂ ಇಂಥ ಕ್ರಿಯಾಪದಗಳು ಹಲವಾರಿವೆ. ಅವೆಲ್ಲಕ್ಕೂ ‘ಹೆಚ್ಚಾಗು’ ಎಂಬ ಒಂದೇ ಅರ್ಥವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಪದ ದೊರೆತರೂ ಮಾತು ದೊರೆಯುವುದಿಲ್ಲ.

ಇವುಗಳಲ್ಲಿ ಮೊದಲು ನೆನಪಿಗೆ ಬರುವುದು ‘ಗ್ರೋ’. ಹಸಿರು ಎಂಬರ್ಥದ ‘ಗ್ರೀನ್’, ಹುಲ್ಲು ಎಂಬರ್ಥದ ‘ಗ್ರಾಸ್’ ಪದಗಳು ಇದರ ಒಡಹುಟ್ಟುಗಳು. ಪ್ರಾಚೀನ ಇಂಗ್ಲಿಷಿನಲ್ಲಿ ಈ ಕ್ರಿಯಾಪದವನ್ನು ಮುಖ್ಯವಾಗಿ ಗಿಡಮರಗಳಿಗೆ ಬಳಸುತ್ತಿದ್ದರು. ಕನ್ನಡದಲ್ಲಿಯೂ ‘ಬೆಳೆ’ ಎಂಬುದು ಹೊಲದ ಪೈರಿಗೂ ಹೆಸರು, ಬೆಳೆಯುವ ಕ್ರಿಯೆಗೂ ಹೆಸರು. ಎರಡು ಭಾಷೆಗಳಿಗೂ ಬೆಳವಣಿಗೆಯ ಪಾಠವನ್ನು ಕಲಿಸಿದುದು ನೆಲವೇ. ಹೀಗಾಗಿ ಒಳಗಿನ ಜೀವಶಕ್ತಿಯಿಂದ ಕ್ರಮಕ್ರಮವಾಗಿ ದೊಡ್ಡದಾಗುವುದು ‘ಗ್ರೋ’ ಪದದ ಮೂಲಭಾವ.

‘ಇನ್‌ಕ್ರೀಸ್’ ಎಂಬುದು ಮುಖ್ಯವಾಗಿ ಸಂಖ್ಯೆ ಮತ್ತು ಪ್ರಮಾಣಗಳಿಗೆ ಸಂಬಂಧಿಸಿದ್ದು. ಮಗುವಿನ ತೂಕ ‘ಇನ್‌ಕ್ರೀಸ್’ ಆಗಬಹುದು. ಮಗು ಮಾತ್ರ ‘ಗ್ರೋ’ ಆಗಬೇಕು. ‘ಎಕ್ಸ್‌ಪ್ಯಾಂಡ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಹರಡು, ಬಿಚ್ಚಿ ಚಾಚು ಎಂಬ ಅರ್ಥವಿದೆ. ಕಾಯಿಸಿದ ಕಬ್ಬಿಣ ಹಿಗ್ಗುವುದನ್ನು ವಿಜ್ಞಾನಿಗಳು ಈ ಪದದಿಂದ ಸೂಚಿಸುತ್ತಾರೆ. ‘ಇನ್‌ಫ್ಲೇಟ್’ ಎಂದರೆ ಊದಿ ಉಬ್ಬಿಸುವುದು. ಬಲೂನಿಗೆ ಸಲ್ಲುವ ಈ ಪದದಿಂದಲೇ ಬೆಲೆಯೇರಿಕೆಯನ್ನು ಸೂಚಿಸುವ ‘ಇನ್‌ಫ್ಲೇಷನ್’ ಹುಟ್ಟಿತು. ಕನ್ನಡದ ‘ಹಣದುಬ್ಬರ’ ಎಂಬ ಪದದಲ್ಲಿಯೂ ಇದೇ ಕಲ್ಪನೆಯಿದೆ.

‘ಸ್ವೆಲ್’ ಎಂಬುದು ಒಳಗಿನ ಒತ್ತಡದಿಂದ ಉಬ್ಬುವುದಕ್ಕೆ ಸಲ್ಲುತ್ತದೆ. ನೆನೆಸಿದ ಕಾಳು, ಮಳೆಯಲ್ಲಿ ತೊಯ್ದ ಮರದ ಬಾಗಿಲು, ಉಳುಕಿದ ಪಾದ, ಇವೆಲ್ಲ ಹೀಗೆಯೇ ಉಬ್ಬುತ್ತವೆ. ಇಂಥ ಊತ ಕಾರಣ ತೀರಿದ ಮೇಲೆ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಆದರೆ ವೈದ್ಯರು ರೋಗಿಯ ದೇಹದಲ್ಲಿ ‘ಗ್ರೋತ್’ ಇದೆಯೆಂದು ಬರೆದರೆ ಅದರ ಅರ್ಥವೇ ಬೇರೆ. ದೇಹದಲ್ಲಿ ಇರಬಾರದ ಗಡ್ಡೆಯೊಂದು ಹೊಸದಾಗಿ ಬೆಳೆದಿದೆಯೆಂದು ಅದು ತಿಳಿಸುತ್ತದೆ, ಪರೀಕ್ಷೆಯನ್ನು ಮುಂದೂಡಲಾಗದು. ಈ ಎರಡು ಪದಗಳ ಅಂತರ ತಿಳಿಯದವನು ಅಂಜಬೇಕಾದಲ್ಲಿ ನಿಶ್ಚಿಂತನಾಗಿಯೂ ನಿಶ್ಚಿಂತನಾಗಿರಬೇಕಾದಲ್ಲಿ ಅಂಜಿಯೂ ಇರುವ ಸಂಭವವಿದೆ. ಪದಗಳ ಸೂಕ್ಷ್ಮವನ್ನು ಅರಿಯುವುದು ಪಂಡಿತರಿಗೆ ಮಾತ್ರ ಸೇರಿದ ಕೆಲಸವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಒಂದೇ ಭಾಷೆಯಲ್ಲಿ ಇಷ್ಟೊಂದು ಪದಗಳು ಸೇರಿದುದು ಹೇಗೆ? ಇದಕ್ಕೆ ಇಂಗ್ಲೆಂಡಿನ ಚರಿತ್ರೆಯೇ ಉತ್ತರ ಹೇಳುತ್ತದೆ. ‘ಗ್ರೋ’, ‘ಸ್ವೆಲ್’ ಮೊದಲಾದವು ಆ ನಾಡಿನ ಹಳೆಯ ಜರ್ಮಾನಿಕ್ ನುಡಿಯ ಪದಗಳು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅರಮನೆಯ ನುಡಿಯಾಯಿತು. ಜನಸಾಮಾನ್ಯರು ಇಂಗ್ಲಿಷನ್ನೇ ಆಡುತ್ತಿದ್ದರು. ಕಾಲಕ್ರಮದಲ್ಲಿ ಫ್ರೆಂಚಿನ ಮೂಲಕ ‘ಇನ್‌ಕ್ರೀಸ್’, ‘ಎನ್‌ಲಾರ್ಜ್’ ಮುಂತಾದವು ಬಂದು ಸೇರಿದವು. ವಿದ್ವಾಂಸರು ಲ್ಯಾಟಿನ್ನಿನಿಂದಲೂ ಪದಗಳನ್ನು ತಂದರು. ಬಂದ ಪದಗಳು ಇದ್ದ ಪದಗಳೊಡನೆ ಕೆಲಸವನ್ನು ಹಂಚಿಕೊಂಡವು.

ಈ ಹಂಚಿಕೆಯಲ್ಲಿ ಕೆಲವು ಪದಗಳಿಗೆ ನಷ್ಟವೂ ಒದಗಿತು. ‘ವ್ಯಾಕ್ಸ್’ ಎಂಬುದೇ ಒಂದು ಕಾಲದಲ್ಲಿ ಬೆಳೆಯುವುದಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿದ್ದ ಕ್ರಿಯಾಪದ. ಮೇಣ ಎಂಬರ್ಥದ ‘ವ್ಯಾಕ್ಸ್’ ಬೇರೆ, ಇದು ಬೇರೆ. 1611ರಲ್ಲಿ ಪ್ರಕಟವಾದ ಬೈಬಲಿನ ಪ್ರಸಿದ್ಧ ಇಂಗ್ಲಿಷ್ ಅನುವಾದದಲ್ಲಿ ಇದು ಮತ್ತೆ ಮತ್ತೆ ಕಾಣಿಸುತ್ತದೆ. ಇಂದು ಇದು ಹೆಚ್ಚಾಗಿ ಶುಕ್ಲಪಕ್ಷದ ಚಂದ್ರನಿಗೆ ಮೀಸಲಾಗಿ ಉಳಿದಿದೆ. ಹೆಚ್ಚಿಸು ಎಂಬರ್ಥದ ‘ಈಕ್’ ಎಂಬ ಹಳೆಯ ಪದದ ಗತಿ ಇನ್ನೂ ವಿಚಿತ್ರವಾದುದು. ಇದ್ದ ಹೆಸರಿಗೆ ಕೂಡಿಸಿದ ಇನ್ನೊಂದು ಹೆಸರನ್ನು ‘ಈಕ್‌ನೇಮ್’ ಎನ್ನುತ್ತಿದ್ದರು. ಅದರ ಹಿಂದೆ ಬರುವ ‘ಆನ್’ ಎಂಬುದರ ನಕಾರ ಮುಂದಿನ ಪದಕ್ಕೆ ಅಂಟಿಕೊಂಡು ಅಡ್ಡಹೆಸರಿನ ಅರ್ಥದ ‘ನಿಕ್‌ನೇಮ್’ ಹುಟ್ಟಿತು. ‘ಈಕ್ ಔಟ್’ ಎಂದರೆ ಇಂದು ಇರುವ ಅಲ್ಪಸ್ವಲ್ಪದಲ್ಲಿಯೇ ಹೇಗೋ ಕಾಲ ತಳ್ಳುವುದು. ಸಮೃದ್ಧಿಯ ಪದವು ಹೀಗೆ ಬಡತನದ ಪಾಲಾಯಿತು!

ಇದೇ ‘ಈಕ್’ ಪದಕ್ಕೆ ಲ್ಯಾಟಿನ್ನಿನಲ್ಲಿ ಹೆಚ್ಚಿಸು ಎಂಬರ್ಥದ ‘ಆಗೇರೆ’ ಎಂಬ ದಾಯಾದಿಯಿದೆ. ‘ಆಗ್ಮೆಂಟ್’ ಎಂಬ ಕ್ರಿಯಾಪದವೂ, ಕೂಗಿದಂತೆಲ್ಲ ಬೆಲೆ ಏರುವ ಹರಾಜಿನ ಹೆಸರಾದ ‘ಆಕ್ಷನ್’ ಎಂಬುದೂ, ಗ್ರಂಥಕರ್ತನೆಂಬ ಅರ್ಥದ ‘ಆಥರ್’ ಎಂಬುದೂ ಅದರಿಂದ ಬಂದವು. ಸಂಸ್ಕೃತದ ‘ಓಜಸ್’ ಎಂಬ ಪದವೂ ಇದೇ ವಂಶದ್ದೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಕನ್ನಡಿಗರು ‘ಓಜಸ್ಸು’ ಎಂದಾಗ, ಲಂಡನ್ನಿನ ಹರಾಜುಗಾರನ ನುಡಿಯ ದೂರದ ನೆಂಟನೊಬ್ಬನನ್ನು ತಮಗರಿವಿಲ್ಲದೆ ಕರೆದಂತಾಯಿತು.

ಕನ್ನಡವೂ ‘ವೃದ್ಧಿ’, ‘ವಿಸ್ತಾರ’ ಎಂಬ ಪದಗಳನ್ನು ಸಂಸ್ಕೃತದಿಂದ ಪಡೆದಿದೆ. ‘ಬೆಳೆ’, ‘ಹಬ್ಬು’, ‘ಹಿಗ್ಗು’, ‘ಉಬ್ಬು’ ಎಂಬ ತನ್ನ ಪದಗಳನ್ನೂ ಉಳಿಸಿಕೊಂಡಿದೆ. ಎರವಲು ತಂದುದರಿಂದ ಭಾಷೆ ಬಡವಾಗುವುದಿಲ್ಲ. ಎಲ್ಲ ಬಗೆಯ ಬೆಳವಣಿಗೆಗೂ ‘ಜಾಸ್ತಿಯಾಯಿತು’ ಎಂಬ ಒಂದೇ ಮಾತು ಸಾಕೆಂದು ಜನ ನಂಬಿದರೆ ಮಾತ್ರ ಉಳಿದ ಪದಗಳು ಬಳಕೆ ತಪ್ಪಿ, ‘ವ್ಯಾಕ್ಸ್’ ಪದದಂತೆ ಒಂದು ಮೂಲೆಗೆ ಸೇರುತ್ತವೆ. ಹಬ್ಬುವುದಕ್ಕೆ ಹಬ್ಬು ಎಂದೂ, ಉಬ್ಬುವುದಕ್ಕೆ ಉಬ್ಬು ಎಂದೂ ಹೇಳುವವರು ಇರುವವರೆಗೆ ಅವುಗಳಿಗೆ ಆ ಭಯವಿಲ್ಲ.