ತರಗೆಲೆಯಡಿಯ ಬಸವನಹುಳುಗಳು

ಸತ್ತೇಗಾಲದ ಬಳಿ ಹರಿಯುವ ಕಾವೇರಿಯ ದಂಡೆಯ ಹೊಳೆಮತ್ತಿ ಮರಗಳಿಂದ ಹಿಡಿದು, ಹನೂರಿನ ಕುರುಚಲು ಕಾಡುಗಳನ್ನು ದಾಟಿ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಶೋಲಾ, ಅಂದರೆ ಎತ್ತರದ ಕಣಿವೆಗಳ ನಿತ್ಯಹಸಿರು ಕಾಡಿನವರೆಗೆ ಮಳೆ, ಮಣ್ಣು ಮತ್ತು ನೆರಳು ಬದಲಾಗುತ್ತಲೇ ಹೋಗುತ್ತವೆ. ನೆಲದ ಮೇಲೆ ಬದುಕುವ ಬಸವನಹುಳುಗಳ ಅಳಿವು ಉಳಿವು ನಿಂತಿರುವುದು ಈ ಮೂರರ ಮೇಲೆಯೇ.

ಮೂಳೆಯಿಲ್ಲದ ಮೆತ್ತನೆಯ ಮೈಯ ಮೃದ್ವಂಗಿಗಳ ಗುಂಪಿಗೆ ಸೇರಿದ ಈ ಜೀವಿಗಳು ಕೊಳೆಯುವ ಎಲೆ, ಪಾಚಿ, ಬೂಷ್ಟುಗಳನ್ನು ತಿಂದು, ಮಣ್ಣಿನ ಸುಣ್ಣದಿಂದ ಚಿಪ್ಪು ಕಟ್ಟಿಕೊಂಡು, ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ಲೋಳೆಯ ತೆಳು ಪರದೆ ಎಳೆದುಕೊಂಡು ಮಳೆಗಾಗಿ ಕಾಯುತ್ತವೆ. ಪಶ್ಚಿಮ ಘಟ್ಟಗಳಲ್ಲಿ ಸುಮಾರು 270 ಪ್ರಭೇದಗಳು ದಾಖಲಾಗಿದ್ದು, ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ಜಗತ್ತಿನ ಬೇರೆಲ್ಲಿಯೂ ಇಲ್ಲ. ಮಿಂಚುಹುಳುವಿನ ಮರಿಗಳಿಗೆ ಬಸವನಹುಳುವೇ ಮುಖ್ಯ ಆಹಾರ. ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣವನ್ನು ಅನೇಕ ಹಕ್ಕಿಗಳು ಇವುಗಳಿಂದಲೇ ಪಡೆಯುತ್ತವೆ. ನೆದರ್ಲೆಂಡ್ಸ್‌ನ ಕಾಡುಗಳಲ್ಲಿ ಆಮ್ಲಮಳೆಯಿಂದ ಮಣ್ಣಿನ ಸುಣ್ಣ ಕರಗಿ ಬಸವನಹುಳುಗಳು ಕ್ಷೀಣಿಸಿದಾಗ ಅಲ್ಲಿನ ಹಕ್ಕಿಗಳ ಮೊಟ್ಟೆಗಳ ಚಿಪ್ಪು ತೆಳುವಾದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಆದರೆ ರೈತರಿಗೆ ಬಸವನಹುಳು ಎಂದೊಡನೆ ನೆನಪಾಗುವುದು ಹಿಪ್ಪುನೇರಳೆ ಸೊಪ್ಪನ್ನೂ ತರಕಾರಿಯನ್ನೂ ಮೇಯುವ ಆಫ್ರಿಕಾದ ದೈತ್ಯ ಬಸವನಹುಳು. 1847ರಲ್ಲಿ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದು ಬಿಟ್ಟ ಈ ಹುಳುವಿನ ಅಪರಾಧಕ್ಕೆ ಬೆಳೆಗೆ ಕೈಹಚ್ಚದ ನಾಡಿನ ಪುಟ್ಟ ಹುಳುಗಳೂ ದಂಡ ತೆರುತ್ತಿವೆ ಎಂಬುದು ನೋವಿನ ಸಂಗತಿ, ಏಕೆಂದರೆ ಮೆಟಾಲ್ಡಿಹೈಡ್‌ನಂಥ ವಿಷದ ತುಣುಕು ಇವೆರಡನ್ನೂ ಬೇರ್ಪಡಿಸಿ ಕೊಲ್ಲುವುದಿಲ್ಲ. ಫ್ರೆಂಚ್ ಪಾಲಿನೇಷ್ಯಾದ ಮೂರಿಯಾ ದ್ವೀಪದಲ್ಲಿ ಇದೇ ದೈತ್ಯನ ಹತೋಟಿಗೆಂದು 1977ರಲ್ಲಿ ಇನ್ನೊಂದು ಹಿಂಸ್ರ ಬಸವನಹುಳುವನ್ನು ಬಿಟ್ಟಾಗ, ಅದು ದೈತ್ಯನನ್ನು ಬಿಟ್ಟು ಆ ದ್ವೀಪದ ಪಾರ್ಟುಲಾ ಎಂಬ ಸ್ಥಳೀಯ ಹುಳುಗಳನ್ನು ಕೆಲವೇ ವರ್ಷಗಳಲ್ಲಿ ಕಾಡಿನಿಂದ ಅಳಿಸಿಹಾಕಿತು.

ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದುದರಿಂದಲೂ, 1987ರಲ್ಲಿ ಕಾವೇರಿ ವನ್ಯಧಾಮ ರೂಪುಗೊಂಡುದರಿಂದಲೂ ಈ ಸೀಮೆಯ ಮರಗಳಿಗೆ ಕಾವಲು ದೊರೆತಿದೆ. ಮರದಡಿಯ ತರಗಿಗೆ ದೊರೆತಿಲ್ಲ. ಈ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರು ಹಿಂದೆ ಹಾಕುತ್ತಿದ್ದ ತರಗುಬೆಂಕಿ ನೆಲಕ್ಕೆ ಹತ್ತಿಕೊಂಡೇ ಸಾಗುವ ಸಣ್ಣ ಉರಿಯಾಗಿತ್ತು. ಅದು ನಿಂತ ಮೇಲೆ ಹಬ್ಬಿದ ಲಂಟಾನ ಪೊದೆಗೆ ಕಡುಬೇಸಿಗೆಯಲ್ಲಿ ಬೀಳುವ ಬೆಂಕಿ ಎತ್ತರಕ್ಕೆ ಏರಿ, ದಿನಕ್ಕೆ ಕೆಲವು ಮೀಟರು ಮಾತ್ರ ತೆವಳಬಲ್ಲ ಜೀವಿಗೆ ಪಾರಾಗಲು ದಾರಿಯನ್ನೇ ಉಳಿಸುವುದಿಲ್ಲ. ಆದುದರಿಂದ ಲಂಟಾನ ಕೀಳುವ ಕೆಲಸ ಸೋಲಿಗರ ತಿಳಿವಳಿಕೆಯೊಂದಿಗೆ ನಡೆಯಬೇಕು. ಹೊಳೆದಂಡೆಯ ಮರಗಳೂ ಬಿದ್ದ ದಿಮ್ಮಿಗಳೂ ಇದ್ದಲ್ಲೇ ಇರಬೇಕು. ಕಾಡಂಚಿನ ರೈತರು ವಿಷ ಚೆಲ್ಲುವ ಬದಲು, ಹಗಲಲ್ಲಿ ಒದ್ದೆ ಗೋಣಿತಾಟಿನಡಿ ಸೇರುವ ದೈತ್ಯ ಹುಳುಗಳನ್ನು ಕೈಯಿಂದ ಆರಿಸಿ ತೆಗೆಯಲಿ, ಹೊಲದ ಬದುವಿನ ತರಗಿಗೆ ಬೆಂಕಿ ಇಡದಿರಲಿ.