ಅಂಗಳದಲ್ಲಿ ನಿಂತ ಕಾರಿಗೆ ಎಂಥ ಟೈರು?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಎಷ್ಟೋ ಮನೆಗಳ ಅಂಗಳದಲ್ಲಿ ಹತ್ತು ಹದಿನೈದು ವರ್ಷ ಹಳೆಯ ಕಾರೊಂದು ಇದ್ದೇ ಇರುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದಾರೆ, ಊರಿನಲ್ಲಿ ಅಪ್ಪ ಅಮ್ಮ ಇಬ್ಬರೇ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಮೊದಲ ತಲೆಮಾರಿನ ಸ್ವಿಫ್ಟ್ ಇಂಥವು. ಆಸ್ಪತ್ರೆಗೆ, ಸೊಸೈಟಿಗೆ, ನೆಂಟರ ಮದುವೆಗೆ, ವರ್ಷಕ್ಕೊಮ್ಮೆ ಮಂದಾರ್ತಿಗೋ ಕೊಲ್ಲೂರಿಗೋ ಹೋಗಿಬರುವಷ್ಟು ಓಡಾಟ. ಮಕ್ಕಳು ರಜೆಗೆ ಬಂದಾಗ ಒಂದು ವಾರ ಬಿಡುವಿಲ್ಲದೆ ಓಡುತ್ತದೆ, ಆಮೇಲೆ ಮತ್ತೆ ಅಂಗಳದಲ್ಲೇ ನಿಲ್ಲುತ್ತದೆ.

ಈ ಕಾರಿಗೆ ಹೊಸ ಟೈರು ಹಾಕಿಸಲು ಹೋದವರು ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, "ಎಷ್ಟ್ ಕಿಲೋಮೀಟ್ರ್ ಬತ್ತ್?" ಮಂಗಳೂರು ವಿಮಾನ ನಿಲ್ದಾಣಕ್ಕೆ ದಿನವೂ ಬಾಡಿಗೆ ಹೋಗುವ ಟ್ಯಾಕ್ಸಿಯವರಿಗೆ ಅದು ಸರಿಯಾದ ಪ್ರಶ್ನೆ. ಮನೆಯ ಕಾರಿಗೆ ಅಲ್ಲ. ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 4,000 ಕಿ.ಮೀ. ಓಡುವ ಕಾರಿಗೆ 80,000 ಕಿ.ಮೀ. ಬಾಳುವ ಟೈರು ಹಾಕಿದರೆ ಅದು ಸವೆಯಲು 20 ವರ್ಷ ಬೇಕು. ಅಷ್ಟು ಕಾಲ ರಬ್ಬರು ಉಳಿಯುವುದಿಲ್ಲ. ಗ್ರಿಪ್ ಅರ್ಧಕ್ಕರ್ಧ ಉಳಿದಿರುವಾಗಲೇ ಟೈರಿನ ಬದಿಯಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆಯ ಮನೆ ಕಾರುಗಳ ಟೈರು ಸವೆದು ಹಾಳಾಗುವುದಕ್ಕಿಂತ ಹೆಚ್ಚಾಗಿ ವಯಸ್ಸಾಗಿ ಹಾಳಾಗುತ್ತದೆ. ಬಾಳಿಕೆಯ ಮಾತು ಶುರುವಾಗಬೇಕಾದದ್ದು ಇಲ್ಲಿಂದ.

ಕೊಲ್ಲೂರು ಬಳಿಯ ಜಡ್ಕಲ್, ಮುದೂರಿನ ಗುಡ್ಡಗಳಲ್ಲಿ ರಬ್ಬರ್ ಬೆಳೆಯುವವರನ್ನು ಕೇಳಿ, ರಬ್ಬರ್ ಶೀಟನ್ನು ಬಿಸಿಲಿಗೆ ಹಾಕಿ ಮರೆತರೆ ಏನಾಗುತ್ತದೆಂದು ಅವರು ಹೇಳುತ್ತಾರೆ. ಬಿಸಿಲು, ಶಾಖ, ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಜೋನ್ ಎಲ್ಲವೂ ರಬ್ಬರಿನ ಶತ್ರುಗಳೇ. ಟೈರು ಕಂಪನಿಗಳಿಗೆ ಇದು ಗೊತ್ತಿರುವುದರಿಂದ ರಬ್ಬರಿನ ಮಿಶ್ರಣದಲ್ಲೇ ಒಂದು ಬಗೆಯ ಮೇಣವನ್ನೂ ಓಜೋನ್ ತಡೆಯುವ ರಾಸಾಯನಿಕಗಳನ್ನೂ ಸೇರಿಸಿರುತ್ತವೆ. ಟೈರು ಉರುಳುವಾಗ ಬಾಗಿ ಬಳುಕಿ ಆ ಮೇಣ ಒಳಗಿನಿಂದ ಮೇಲ್ಮೈಗೆ ಬಂದು ತೆಳುವಾದ ಪದರವಾಗಿ ನಿಲ್ಲುತ್ತದೆ. ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ ಆ ಕೆಲಸ ಸರಿಯಾಗಿ ನಡೆಯುವುದಿಲ್ಲ. ಓಡಿದರೆ ಟೈರು ಸವೆಯುತ್ತದೆ ಎಂದು ಕಾರನ್ನು ನಿಲ್ಲಿಸಿಟ್ಟವರ ಟೈರೇ ಮೊದಲು ಬಿರಿಯುವುದು ಇದೇ ಕಾರಣಕ್ಕೆ.

ಆದ್ದರಿಂದ ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಟೈರಿನ ಹುಟ್ಟಿದ ದಿನ. ಬದಿಯಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2325 ಎಂದಿದ್ದರೆ 2025ರ 23ನೇ ವಾರ, ಅಂದರೆ ಜೂನ್ ತಿಂಗಳು. ಈ ಅಂಕಿ ಟೈರಿನ ಒಂದು ಬದಿಯಲ್ಲಿ ಮಾತ್ರ ಇರುವುದೂ ಉಂಟು, ಆಗ ತಿರುಗಿಸಿ ನೋಡಬೇಕು. ಆರು ತಿಂಗಳೊಳಗಿನ ಟೈರು ಸಿಕ್ಕರೆ ಚೆನ್ನ. ವರ್ಷ ದಾಟಿದ್ದರೆ ಬೇರೆ ತರಿಸಿಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಹಳೆಯ ಕಾರಿನವರು ಇದನ್ನು ಇನ್ನಷ್ಟು ಜಾಗ್ರತೆಯಿಂದ ನೋಡಬೇಕು. ಆಲ್ಟೊ 800ಕ್ಕೆ ಬೇಕಾದ 145/80 ಆರ್12ರಂಥ ಸಣ್ಣ ಅಳತೆಯನ್ನು ಈಗಿನ ಹೊಸ ಕಾರುಗಳು ಬಳಸುವುದು ಕಡಿಮೆ. ಬಿಕರಿ ನಿಧಾನವಾದ ಅಳತೆಯ ಟೈರು ಗೋದಾಮಿನಲ್ಲಿ ಹೆಚ್ಚು ದಿನ ಕೂರುತ್ತದೆ. ಎರಡು ದಿನ ಕಾದರೆ ಉಡುಪಿಯಿಂದಲೋ ಮಂಗಳೂರಿನಿಂದಲೋ ಹೊಸ ತಾರೀಕಿನದು ಬರಬಹುದು. ಆ ಕಾಯುವಿಕೆಯಲ್ಲೇ ಒಂದು ವರ್ಷದ ಬಾಳಿಕೆ ಉಳಿಯುತ್ತದೆ.

ಟೈರಿಗೆ ಎಷ್ಟು ವಯಸ್ಸಾದರೆ ಸಾಕು? ಐದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ನೋಡಲು ಚೆನ್ನಾಗಿದ್ದರೂ ಹತ್ತು ವರ್ಷ ದಾಟಿ ಬಳಸಬೇಡಿ ಎನ್ನುವುದು ಮಿಶೆಲಿನ್‌ನಂಥ ಕಂಪನಿಗಳ ಸಲಹೆ. ಕೆಲವು ಕಾರು ಕಂಪನಿಗಳು ಆರು ವರ್ಷಕ್ಕೇ ಬದಲಿಸಿ ಎನ್ನುತ್ತವೆ. ಕರಾವಳಿಯ ಬಿಸಿಲು, ಸೆಕೆಯನ್ನು ಕಂಡ ನನಗೆ ಆರು ವರ್ಷವೇ ಸರಿ ಎನಿಸುತ್ತದೆ. ಇದಕ್ಕೆ ಇನ್ನೊಂದು ಲೆಕ್ಕವೂ ಕೂಡಿಬರುತ್ತದೆ. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ಉಡುಪಿಯ ಆರ್‌ಟಿಒದಲ್ಲಿ ನವೀಕರಿಸಿದರೆ ಸಿಗುವುದು ಐದು ವರ್ಷದ ಅವಧಿ. ನವೀಕರಣಕ್ಕೆ ಹೋಗುವ ಹೊತ್ತಿಗೆ ಹೊಸ ತಾರೀಕಿನ ನಾಲ್ಕು ಟೈರು ಹಾಕಿಸಿದರೆ ಆ ಐದು ವರ್ಷವೂ ನಿಶ್ಚಿಂತೆ. ಕಾರನ್ನೇ ಮುಂದಿನ ವರ್ಷ ಮಾರುವ ಯೋಚನೆ ಇದ್ದರೆ ದುಬಾರಿ ಟೈರಿನ ಗೊಡವೆ ಬೇಡ, ಆದರೆ ಬೋಳು ಟೈರಿನಲ್ಲಿ ಮಳೆಗಾಲ ಕಳೆಯುವ ಯೋಚನೆಯೂ ಬೇಡ.

"ಇನ್ನೊಂದ್ ಮಳಿಗಾಲ ಹೋತ್ತ್ ಕಾಣಿ" ಎಂಬ ಮಾತು ಗ್ಯಾರೇಜುಗಳಲ್ಲಿ ಕಿವಿಗೆ ಬಿದ್ದಾಗಲೆಲ್ಲ ನನಗೆ ಭಯವಾಗುತ್ತದೆ. ಒಂದು ಬೇಸಿಗೆ ಹೋಗಬಹುದು, ಮಳೆಗಾಲ ಅಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಹೆದ್ದಾರಿ 66ರಲ್ಲಿ ಆಷಾಢದ ಮಳೆ ಅಡ್ಡಡ್ಡ ಹೊಡೆಯುವಾಗ ರಸ್ತೆಯ ಮೇಲೆ ನೀರಿನ ಹಾಳೆಯೇ ಹಾಸಿರುತ್ತದೆ. ಟೈರಿನ ಮೇಲ್ಮೈಯ ಸೀಳುಗಳು ಇರುವುದೇ ಈ ನೀರನ್ನು ಪಕ್ಕಕ್ಕೆ ದೂಡಲು. ಒಣ ರಸ್ತೆಯಲ್ಲಿ ಅವುಗಳಿಂದ ದೊಡ್ಡ ಪ್ರಯೋಜನ ಇಲ್ಲ. ಹೊಸ ಟೈರಿನಲ್ಲಿ ಸೀಳಿನ ಆಳ 7–8 ಮಿ.ಮೀ. ಇರುತ್ತದೆ. ಸೀಳಿನ ತಳದಲ್ಲಿ ಕಾಣುವ ಸಣ್ಣ ದಿಬ್ಬಗಳು 1.6 ಮಿ.ಮೀ. ಗುರುತು, ಅಲ್ಲಿಗೆ ಸವೆದರೆ ಟೈರಿನ ಆಯುಸ್ಸು ಮುಗಿಯಿತು. ಕಾನೂನಿನ ಈ ಮಿತಿಯನ್ನು ಕರಾವಳಿಯವರು ನಂಬಿ ಕೂರಬಾರದು. 3 ಮಿ.ಮೀ.ಗೆ ಇಳಿದಾಗಲೇ ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿದ ಕಾರು ನಿಲ್ಲಲು ತೆಗೆದುಕೊಳ್ಳುವ ದೂರ ಗಣನೀಯವಾಗಿ ಹೆಚ್ಚುತ್ತದೆ. ನಮ್ಮಲ್ಲಿ 3 ಮಿ.ಮೀ. ಉಳಿದಿದ್ದರೆ ಮೇ ತಿಂಗಳಲ್ಲೇ ಬದಲಿಸಬೇಕು.

ಗಾಳಿಯ ವಿಷಯವೂ ಇಲ್ಲೇ ಬರುತ್ತದೆ. ನೀರಿನ ಪದರದ ಮೇಲೆ ಚಕ್ರ ತೇಲಿ ಸ್ಟೇರಿಂಗು ಹಗುರಾಗುವ ಅನುಭವ ಹಲವರಿಗೆ ಆಗಿದೆ. 1960ರ ದಶಕದಲ್ಲಿ ನಾಸಾ ಸಂಸ್ಥೆಯವರು ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ, ಚಕ್ರ ಯಾವ ವೇಗದಲ್ಲಿ ತೇಲುತ್ತದೆ ಎನ್ನುವುದು ಒಳಗಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆ ಎಂದು ಕಂಡುಕೊಂಡರು. ಆ ಸೂತ್ರದ ಪ್ರಕಾರ 30 ಪಿಎಸ್‌ಐ ಗಾಳಿ ಇರುವ ಚಕ್ರ ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ತೇಲಿದರೆ, 20ಕ್ಕೆ ಇಳಿದ ಚಕ್ರ 75ರಲ್ಲೇ ತೇಲುತ್ತದೆ. ಕಾರಿನ ಸವೆದ ಟೈರು ಇದಕ್ಕಿಂತ ಕಡಿಮೆ ವೇಗಕ್ಕೇ ಹಿಡಿತ ಬಿಡಬಹುದು. ಅಂಗಳದಲ್ಲಿ ತಿಂಗಳಿಂದ ನಿಂತ ಕಾರನ್ನು ಗಾಳಿ ನೋಡದೆ ನೇರವಾಗಿ ಹೆದ್ದಾರಿಗೆ ತೆಗೆಯುವವರು ಇದನ್ನು ನೆನಪಿಡಬೇಕು.

ಇನ್ನು ಯಾವ ಟೈರು ಎಂಬ ಪ್ರಶ್ನೆ. ಟೈರಿನ ರಬ್ಬರು ಗಟ್ಟಿಯಾದಷ್ಟೂ ಸವೆತ ಕಡಿಮೆ, ಆದರೆ ಒದ್ದೆ ರಸ್ತೆಯಲ್ಲಿ ಹಿಡಿತವೂ ಕಡಿಮೆಯಾಗುವ ಸಂಭವ ಹೆಚ್ಚು. 1992ರಲ್ಲಿ ಮಿಶೆಲಿನ್ ಕಂಪನಿ ಇಂಗಾಲದ ಪುಡಿಯ ಜಾಗದಲ್ಲಿ ಸಿಲಿಕಾ ಬಳಸಿದ ಟೈರು ತಂದಮೇಲೆ ಈ ಎಳೆದಾಟ ಸ್ವಲ್ಪ ಸಡಿಲಗೊಂಡಿದೆ, ಪೂರ್ತಿ ಹೋಗಿಲ್ಲ. ಸಿಯೆಟ್‌ನ ಮಿಲೇಜ್, ಅಪೊಲೊದ ಅಮೇಜರ್ 4ಜಿ ಲೈಫ್‌ನಂಥವು ದೀರ್ಘ ಬಾಳಿಕೆಯ ಹೆಸರಿನಲ್ಲೇ ಮಾರಾಟವಾಗುವ ಟೈರುಗಳು. ದಿನಕ್ಕೆ ನೂರಾರು ಕಿ.ಮೀ. ಓಡುವವರಿಗೆ ಅವು ಲಾಭದಾಯಕ. ವರ್ಷಕ್ಕೆ ನಾಲ್ಕೈದು ಸಾವಿರ ಓಡುವವರು ಅದೇ ದುಡ್ಡಿಗೆ ಮಳೆಯಲ್ಲಿ ಚೆನ್ನಾಗಿ ಹಿಡಿಯುವ, ಮೆತ್ತಗಿನ ಟೈರನ್ನೇ ಆರಿಸಲಿ. 40,000 ಕಿ.ಮೀ. ಬಂದರೂ ಅವರಿಗೆ ಅದು ಎಂಟು ಹತ್ತು ವರ್ಷದ ಸರಕು! ಒದ್ದೆ ರಸ್ತೆಯ ಹಿಡಿತಕ್ಕೆ ಕನಿಷ್ಠ ಮಟ್ಟವನ್ನು ನಿಗದಿ ಮಾಡುವ ನಿಯಮವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರಲ್ಲಿ ತಂದಿದೆ. ಐಎಸ್‌ಐ ಮುದ್ರೆ ಅದಕ್ಕೂ ಮೊದಲೇ ಕಡ್ಡಾಯ. ಬ್ರ್ಯಾಂಡಿನ ಬಗ್ಗೆ ನನಗೆ ಹಟವಿಲ್ಲ. ಎಂಆರ್‌ಎಫ್, ಅಪೊಲೊ, ಸಿಯೆಟ್, ಬ್ರಿಡ್ಜ್‌ಸ್ಟೋನ್, ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು 1997ರಲ್ಲಿ ಕೊಂಡ ಜೆಕೆ, ಯಾವುದಾದರೂ ಸರಿ. ಗ್ಯಾರಂಟಿಗೆ ಓಡಾಡಬೇಕಾಗಿ ಬಂದರೆ ಹತ್ತಿರದಲ್ಲಿ ಡೀಲರ್ ಇರುವ ಕಂಪನಿ ಮೇಲು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ. ಬಿಲ್ ಇಲ್ಲದೆ ಕೊಂಡರೆ ಗ್ಯಾರಂಟಿ ಇಲ್ಲ.

ಅಳತೆ ಬದಲಿಸಬೇಡಿ. ಅಗಲ ಟೈರು ಹಾಕಿದರೆ ಹಿಡಿತ ಜಾಸ್ತಿ ಎಂಬ ನಂಬಿಕೆ ಹುಡುಗರಲ್ಲಿದೆ. ನಿಂತ ನೀರಿನಲ್ಲಿ ಅಗಲ ಟೈರೇ ಬೇಗ ತೇಲುವುದು. ಪವರ್ ಸ್ಟೇರಿಂಗ್ ಇಲ್ಲದ ಹಳೆಯ ಕಾರಿನಲ್ಲಂತೂ ವಯಸ್ಸಾದವರ ತೋಳಿಗೆ ಅದು ಶಿಕ್ಷೆ.

ಟೈರು ಕಳಚಿದಾಗ ರಿಮ್ಮನ್ನು ನೋಡುವವರು ಕಡಿಮೆ. ಕೋಡಿ, ಗಂಗೊಳ್ಳಿ, ಮರವಂತೆಯಂಥ ಕಡಲ ಬದಿಯ ಊರುಗಳಲ್ಲಿ ಉಪ್ಪು ಗಾಳಿಗೆ ಕಬ್ಬಿಣದ ರಿಮ್ಮು ತುಕ್ಕು ಹಿಡಿದು, ಟೈರಿನ ಅಂಚು ಕೂರುವ ಜಾಗದಲ್ಲಿ ಪದರ ಪದರವಾಗಿ ಏಳುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಗಾಳಿ ಹಿಡಿದಿಡುವುದು ಆ ಅಂಚೇ. ವಾರ ವಾರ ಗಾಳಿ ಇಳಿಯುತ್ತದೆ, ಪಂಕ್ಚರ್ ಮಾತ್ರ ಸಿಗುವುದಿಲ್ಲ. ಕೊನೆಗೆ ಬೇಸತ್ತು ಒಳಗೊಂದು ಟ್ಯೂಬ್ ಹಾಕಿಸುತ್ತಾರೆ. ಆಗ ಟ್ಯೂಬ್‌ಲೆಸ್ ಟೈರಿನ ದೊಡ್ಡ ಗುಣವೇ ಹೋಯಿತು, ಮೊಳೆ ಹೊಕ್ಕರೆ ಗಾಳಿ ನಿಧಾನವಾಗಿ ಇಳಿಯುವ ಬದಲು ಒಮ್ಮೆಲೇ ಹೋಗುತ್ತದೆ. ಸರಿಯಾದ ದಾರಿ ಎಂದರೆ ತಂತಿ ಬ್ರಶ್ಶಿನಿಂದ ತುಕ್ಕು ಉಜ್ಜಿ ತೆಗೆದು, ಪ್ರೈಮರ್ ಮತ್ತು ಬಣ್ಣ ಹೊಡೆಸಿ ಒಣಗಿದ ಮೇಲೆ ಟೈರು ಕೂರಿಸುವುದು. ಒಂದು ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ರಿಮ್ಮು ತಿಂದುಹೋಗಿ ತೆಳುವಾಗಿದ್ದರೆ ರಿಮ್ಮನ್ನೇ ಬದಲಿಸಬೇಕು. ರಬ್ಬರಿನ ವಾಲ್ವನ್ನೂ ಹೊಸತು ಹಾಕಿಸಿ. ಅದೂ ಟೈರಿನಷ್ಟೇ ಹಳೆಯದಾಗಿರುತ್ತದೆ, ಬೆಲೆ ಮಾತ್ರ ತೀರಾ ಕಡಿಮೆ.

ಹಳೆಯ ಕಾರಿನ ಟೈರು ತಿನ್ನುವ ಇನ್ನೊಂದು ಭಾಗ ಚಕ್ರದ ಹಿಂದೆ ಇರುತ್ತದೆ. ಲೋವರ್ ಆರ್ಮಿನ ಬುಶ್, ಬಾಲ್ ಜಾಯಿಂಟ್, ಟೈ ರಾಡ್ ತುದಿ, ಶಾಕ್ ಅಬ್ಸಾರ್ಬರ್ ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಿಯೂ ನಿಲ್ಲುವುದಿಲ್ಲ. ತೆಗೆದ ಟೈರನ್ನು ಕೈಯಿಂದ ಸವರಿ ನೋಡಿ. ಒಳಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟಿನ ದೋಷ, ಅಲ್ಲಲ್ಲಿ ಗುಂಡಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರಿನ ಅಥವಾ ಬ್ಯಾಲೆನ್ಸಿಂಗಿನ ದೋಷ, ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ರಿಪೇರಿ ಮೊದಲು ಆಗಲಿ, ಹೊಸ ಟೈರು ಆಮೇಲೆ ಬರಲಿ.

ಎರಡೇ ಟೈರು ಕೊಳ್ಳುವಷ್ಟು ದುಡ್ಡಿದ್ದರೆ ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಇದನ್ನು ಹೇಳಿದರೆ ಹೆಚ್ಚಿನವರು ಒಪ್ಪುವುದಿಲ್ಲ, ಎಳೆಯುವುದು, ತಿರುಗುವುದು ಮುಂದಿನ ಚಕ್ರ ಎನ್ನುತ್ತಾರೆ. ನಿಜ, ಆದರೆ ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುತೇಕ ಸರಿಯಾಗುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ. ನಾಗೋಡಿ ಘಾಟಿಯ, ಬಾಳೆಬರೆ ಘಾಟಿಯ ತಿರುವುಗಳಲ್ಲಿ ಅದನ್ನು ಸಂಭಾಳಿಸುವುದು ಪಳಗಿದ ಚಾಲಕರಿಗೂ ಕಷ್ಟ.

ಟೈರು ಹಾಕಿಸಿದ ಮೇಲೆ ವಾರಕ್ಕೊಮ್ಮೆಯಾದರೂ ಹದಿನೈದು ಇಪ್ಪತ್ತು ಕಿ.ಮೀ. ಓಡಿಸಿ ಬನ್ನಿ. ಬ್ರಹ್ಮಾವರದವರು ಬಾರ್ಕೂರು ಸುತ್ತಿ ಬಂದರೆ, ಬೈಂದೂರಿನವರು ಶಿರೂರಿಗೆ ಹೋಗಿಬಂದರೆ ಸಾಕು. ಬಿಸಿಲು ಬೀಳದ ಕಡೆ ನಿಲ್ಲಿಸಿ. ಗಾಳಿಯನ್ನು ಟೈರು ತಣ್ಣಗಿರುವಾಗ, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲೋ ಕಾರಿನ ಪುಸ್ತಕದಲ್ಲೋ ಇರುವ ಅಂಕಿಗೆ ಸರಿಯಾಗಿ ಹಾಕಿಸಿ. ನೈಟ್ರೋಜನ್ನಿಗೆ ದುಡ್ಡು ಕೊಡುವ ಅಗತ್ಯ ಕಾಣೆ, ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ಅದೇ ಇದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ತಾರೀಕನ್ನೂ ಅದೇ ದಿನ ಓದಿ. ಕಾರು ಕೊಂಡಾಗ ಬಂದದ್ದೇ ಆಗಿದ್ದರೆ ಗ್ರಿಪ್ ಹೊಸದಾಗಿಯೇ ಕಂಡರೂ ಅದಕ್ಕೆ ಕಾರಿನಷ್ಟೇ ವಯಸ್ಸು. ತೆಗೆದ ಹಳೆಯ ಟೈರುಗಳನ್ನು ಮನೆಗೆ ತರದೆ ಅಂಗಡಿಯಲ್ಲೇ ಬಿಡಿ. ಹಳೆಯ ಟೈರಿನ ವಿಲೇವಾರಿಯನ್ನು ಉತ್ಪಾದಕರ ಹೊಣೆಯಾಗಿಸುವ ನಿಯಮ 2022ರಿಂದ ಜಾರಿಯಲ್ಲಿದೆ. ಹಿತ್ತಿಲಲ್ಲಿ ಬಿದ್ದ ಟೈರಿನೊಳಗೆ ಜೂನ್ ಮಳೆಯ ನೀರು ನಿಂತರೆ ಡೆಂಗಿ ಸೊಳ್ಳೆ ಮೊಟ್ಟೆಯಿಡಲು ಅಷ್ಟೇ ಸಾಕು.