ಭಾವನ ಪಿಕಪ್ ಮತ್ತೆ ಏರು ಹತ್ತಿತು

ಹಲಸಿನ ಮರದ ಕೆಳಗೆ ಟಾರ್ಪಾಲು ಹೊದ್ದು ಹನ್ನೊಂದು ವರ್ಷ ನಿಂತಿದ್ದ ಗಾಡಿ ಅದು. ಟಾರ್ಪಾಲು ಎಳೆದಾಗ ಮೊದಲು ಹೊರಗೆ ಹಾರಿದ್ದು ಒಂದು ಅಳಿಲು. ಬಾನೆಟ್ ಎತ್ತಿದರೆ ಏರ್ ಫಿಲ್ಟರಿನ ಒಳಗೆ ಇಲಿಯ ಗೂಡು. ನಾಲ್ಕೂ ಟೈರು ನೆಲಕ್ಕೆ ಅಂಟಿ ಒಡೆದಿದ್ದವು. ಹಿಂದಿನ ತೊಟ್ಟಿಯಲ್ಲಿ ಎಲೆ ಕೊಳೆತು ಗೊಬ್ಬರವಾಗಿ, ಅದರಲ್ಲೊಂದು ಹಲಸಿನ ಸಸಿ ಮೊಣಕಾಲೆತ್ತರ ಬೆಳೆದಿತ್ತು.

"ತಾತ, ಇದನ್ನ ಗುಜರಿಗೆ ಹಾಕೋದಾ, ನೀರು ಹಾಕಿ ಬೆಳೆಸೋದಾ?" ಎಂದು ಮೊಮ್ಮಗ ಕೇಳಿದ. ಅವನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಎರಡನೇ ವರ್ಷ. ನಗು ಬಂತು, ಆದರೆ ಉತ್ತರ ಕೊಡುವಷ್ಟು ಧೈರ್ಯ ನನಗಿರಲಿಲ್ಲ.

ಅದು 1987ರಲ್ಲಿ ನನ್ನ ಭಾವ ಕೊಂಡ ಮಹೀಂದ್ರ ಜೀಪಿನ ಪಿಕಪ್. ಮುಂದೆ ಜೀಪಿನ ಮುಖ, ಹಿಂದೆ ಸಾಮಾನು ಹಾಕುವ ತೊಟ್ಟಿ, ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ. ನಂಬರ್ ಪ್ಲೇಟಿನಲ್ಲಿ ಇನ್ನೂ 'ಕೆಎ' ಬಂದಿರದ ಕಾಲ. ಆಗ ನಾನು ಹಾಸನ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಈ ಗಾಡಿಯ 70,000 ರೂಪಾಯಿ ಸಾಲವನ್ನು ಲೆಡ್ಜರಿನಲ್ಲಿ ಬರೆದದ್ದು ಇದೇ ಕೈ. ಕೊನೆಯ ಕಂತು ಕಟ್ಟಿದ ದಿನ ಭಾವ ಶಾಖೆಯವರಿಗೆಲ್ಲ ಒಂದೊಂದು ಕಿತ್ತಳೆ ಹಣ್ಣು ಹಂಚಿದ್ದರು.

ಅಕ್ಕನ ಮನೆ ಇರುವುದು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ. ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರು ಮಣ್ಣುದಾರಿ. ನಡುವೆ ಒಂದು ಹಳ್ಳ, ಅದನ್ನು ದಾಟಿದ ಕೂಡಲೇ ಕಡಿದಾದ ಏರು. ಬೇಸಿಗೆಯಲ್ಲಿ ಯಾವ ಕಾರಾದರೂ ಹೋಗುತ್ತದೆ. ಜೂನ್ ಬಂತೆಂದರೆ ಆ ಕೆಂಪು ಮಣ್ಣು ಬೆಣ್ಣೆಯಂತಾಗಿ ಚಕ್ರ ಗಿರಗಿರ ತಿರುಗುತ್ತದೆಯೇ ಹೊರತು ಕಾರು ಮೇಲೇರುವುದಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ಅಕ್ಕನಿಗೆ ಎದೆನೋವು ಬಂದಾಗ ನಾಲ್ವರು ಆಳುಗಳು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಹಳ್ಳ ದಾಟಿಸಿದರು. ದೇವರ ದಯೆ, ಅದು ಗ್ಯಾಸ್ಟ್ರಿಕ್ ನೋವಾಗಿತ್ತು. ಆದರೆ ಅವಳಿಗೆ 79 ವರ್ಷ. ಮಗ ಬೆಂಗಳೂರಿನ ಫ್ಲ್ಯಾಟಿಗೆ ಬಾ ಎಂದು ಹಟ ಹಿಡಿದ.

ಅಕ್ಕ ನನಗೆ ಫೋನು ಮಾಡಿದಳು. "ನಿಮ್ಮ ಭಾವನ ಗಾಡಿ ಓಡಿದ್ರೆ ನಾನು ಇಲ್ಲೇ ಇರ್ತೀನಿ ಕಣೋ. ಮುಂದಿನ ಮಳೆಗಾಲದೊಳಗೆ ಓಡ್ಲಿಲ್ಲ ಅಂದ್ರೆ ನೀವು ಹೇಳಿದ ಕಡೆ ಬರ್ತೀನಿ."

ಹೀಗಾಗಿ ಪಿಕಪ್ಪು ಲಾರಿ ಹತ್ತಿ ಯಲಹಂಕಕ್ಕೆ ಬಂತು. ನಮ್ಮ ಪಕ್ಕದ ಮನೆಯವರು ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1984ರಲ್ಲಿ ಶುರುವಾದ ಈ ಕಾರ್ಖಾನೆ ರೈಲುಗಳಿಗೆ ಗಾಲಿ, ಅಚ್ಚು ಮಾಡಿಕೊಡುತ್ತದೆ. ಗಾಲಿಯ ವಿಷಯ ಬಂದರೆ ಅವರಿಗೆ ಊಟ ಬೇಡ. ದೊಡ್ಡಬಳ್ಳಾಪುರ ರಸ್ತೆಯ ಕಡೆ ಹಳೇ ಜೀಪುಗಳನ್ನೇ ನೋಡುವ ಒಬ್ಬ ಮೇಸ್ತ್ರಿಯನ್ನು ಅವರೇ ಹುಡುಕಿಕೊಟ್ಟರು. ಮೇಸ್ತ್ರಿ ಗಾಡಿಯ ಅಡಿಗೆ ಮಲಗಿ, ಚಾಸಿಯನ್ನು ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಬಂದರು. ಗಟ್ಟಿ ಕಬ್ಬಿಣ 'ಠಣ್' ಎನ್ನುತ್ತದೆ, ತುಕ್ಕು ತಿಂದದ್ದು 'ಡಬ್' ಎನ್ನುತ್ತದೆ. ಎಲ್ಲ ಕಡೆ ಠಣ್. "ಬೆನ್ನುಮೂಳೆ ಚೆನ್ನಾಗಿದೆ ಸಾರ್. ಮಿಕ್ಕಿದ್ದೆಲ್ಲ ಮಾಡಬಹುದು" ಎಂದರು.

ಮಕ್ಕಳೇ, ಈ ಜೀಪಿನ ವಂಶ ದೊಡ್ಡದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಕೆಸರು, ಮರಳು, ಬೆಟ್ಟ ಎಲ್ಲದರಲ್ಲೂ ಹೋಗುವ ಚಿಕ್ಕ ಗಾಡಿ ಬೇಕಾಗಿತ್ತು. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. ನಮ್ಮ ದೇಶದಲ್ಲಿ 1945ರಲ್ಲಿ 'ಮಹೀಂದ್ರ ಅಂಡ್ ಮೊಹಮ್ಮದ್' ಎಂಬ ಕಂಪನಿ ಹುಟ್ಟಿತು. ಇಬ್ಬರು ಮಹೀಂದ್ರ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಂ ಮೊಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಕಂಪನಿ 1948ರಲ್ಲಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು, ವಿಲ್ಲೀಸ್ ಜೀಪುಗಳನ್ನು ಇಲ್ಲೇ ಜೋಡಿಸಿ ಮಾರತೊಡಗಿತು. ಕೊಡಚಾದ್ರಿಗೆ, ಮಡಿಕೇರಿಯ ಮಾಂದಲಪಟ್ಟಿಗೆ ನೀವು ಪ್ರವಾಸ ಹೋದಾಗ ಕುಲುಕಾಡಿಸಿ ಮೇಲೆ ಹತ್ತಿಸುವ ಜೀಪುಗಳು ಆ ವಂಶದ ಮರಿಮಕ್ಕಳೇ.

ಈಗ ಒಂದು ಪ್ರಶ್ನೆ. ಕಾರಿಗೂ ನಾಲ್ಕು ಚಕ್ರ, ಜೀಪಿಗೂ ನಾಲ್ಕು ಚಕ್ರ. ಕಾರು ಹತ್ತದ ಏರನ್ನು ಜೀಪು ಹೇಗೆ ಹತ್ತುತ್ತದೆ? ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ, ಉಳಿದೆರಡು ಸುಮ್ಮನೆ ಉರುಳುತ್ತವೆ. ಈ ಪಿಕಪ್ಪಿನಲ್ಲಿ ಡ್ರೈವರ್ ಪಕ್ಕ ಒಂದಲ್ಲ, ಮೂರು ಗೇರ್ ಕಡ್ಡಿ. ದೊಡ್ಡದು ಮಾಮೂಲಿ ಗೇರು. ಚಿಕ್ಕ ಎರಡರಲ್ಲಿ ಒಂದು ಮುಂದಿನ ಚಕ್ರಗಳಿಗೂ ಬಲ ಹಾಯಿಸುತ್ತದೆ. ಇನ್ನೊಂದು 'ಲೋ' ಗೇರು. ಅದಕ್ಕೆ ಹಾಕಿದರೆ ಗಾಡಿಯ ವೇಗ ಸುಮಾರು ಎರಡೂವರೆ ಪಟ್ಟು ಕಡಿಮೆ, ಎಳೆಯುವ ಶಕ್ತಿ ಅಷ್ಟೇ ಪಟ್ಟು ಹೆಚ್ಚು. ಸೈಕಲ್ಲಿನಲ್ಲಿ ಗೇರ್ ಇದ್ದವರಿಗೆ ಇದು ಗೊತ್ತು. ಏರಿನಲ್ಲಿ ಕಾಲು ಜಾಸ್ತಿ ತುಳಿಯುತ್ತದೆ, ಸೈಕಲ್ಲು ನಿಧಾನ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ.

ಮೊಮ್ಮಗ ಅಚ್ಚಿನ ನಡುವಿನ ಗುಂಡನೆಯ ಡಬ್ಬಿ ಬಿಚ್ಚಿ ಡಿಫರೆನ್ಷಿಯಲ್ ತೋರಿಸಿದ. ನನಗೆ ಅರ್ಥವಾಗಲಿಲ್ಲ. ಆಗ ಪಕ್ಕದ ಮನೆಯವರು ಆಗಸ್ಟ್ 15ರ ಕವಾಯತನ್ನು ನೆನಪಿಸಿದರು. ಮೂವರು ಸಾಲಾಗಿ ನಡೆಯುತ್ತಾ ಎಡಕ್ಕೆ ತಿರುಗುವಾಗ ಎಡತುದಿಯವನು ನಿಂತಲ್ಲೇ ಕಾಲು ಹಾಕುತ್ತಾನೆ, ಬಲತುದಿಯವನು ದೊಡ್ಡ ದೊಡ್ಡ ಹೆಜ್ಜೆ ಇಡುತ್ತಾನೆ. ಚಕ್ರಗಳೂ ಹಾಗೆಯೇ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತಬೇಕು. ಅದಕ್ಕೆ ಅವಕಾಶ ಮಾಡಿಕೊಡುವ ಹಲ್ಲುಚಕ್ರಗಳ ಗುಂಪೇ ಡಿಫರೆನ್ಷಿಯಲ್. ಆದರೆ ಅದಕ್ಕೊಂದು ದೌರ್ಬಲ್ಯ. ಒಂದು ಚಕ್ರ ಕೆಸರಲ್ಲಿ ಜಾರಿದರೆ ಅದೊಂದೇ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಜೊತೆಗಾರ ಸುಮ್ಮನೆ ನಿಲ್ಲುತ್ತಾನೆ. ಆಗ ಮುಂದಿನ ಅಚ್ಚಿಗೂ ಬಲ ಇದ್ದರೆ ಇನ್ನೊಂದು ಕಡೆಯಿಂದ ಎಳೆಯಬಹುದು. ಇದು ಮಣ್ಣು, ಕೆಸರಿಗೆ ಮಾತ್ರ. ಒಣಗಿದ ಟಾರು ರಸ್ತೆಯಲ್ಲಿ ಮುಂದಿನ ಗೇರ್ ಹಾಕಿಕೊಂಡೇ ಓಡಿಸಿದರೆ ಮುಂದಿನ, ಹಿಂದಿನ ಅಚ್ಚುಗಳು ಒಂದರೊಡನೊಂದು ಜಗ್ಗಾಡಿ ಹಲ್ಲು ಮುರಿದುಕೊಳ್ಳುತ್ತವೆ.

ನವೆಂಬರಿನಿಂದ ಕೆಲಸ ಸಾಗಿತು. ನನ್ನ ಪಾಲಿಗೆ ಬಂದದ್ದು ಲೆಕ್ಕದ ಪುಸ್ತಕ ಮತ್ತು ಜೆ.ಸಿ. ರಸ್ತೆಯ ಅಲೆದಾಟ. ಯಲಹಂಕದಿಂದ ಬಸ್ಸು ಹತ್ತಿ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಅರ್ಧ ಗಂಟೆ ತೂಕಡಿಸಿ, ಅಂಗಡಿಯಿಂದ ಅಂಗಡಿಗೆ ಹಳೇ ಬೇರಿಂಗು ಕೈಯಲ್ಲಿ ಹಿಡಿದು "ಇಂಥದ್ದು ಇದೆಯಾ" ಎಂದು ಕೇಳುವುದು. ಎಂಜಿನ್ ಬಿಚ್ಚಿ ಮಾಡಿದರು. ಬಳಲಿದ್ದ ಕಮಾನ್ ಪಟ್ಟಿಗಳನ್ನು ಮತ್ತೆ ಹದಕ್ಕೆ ತಂದರು. ತೊಟ್ಟಿಯ ತಗಡು ಕತ್ತರಿಸಿ ಹೊಸದು ಬೆಸೆದರು. ಹಲಸಿನ ಸಸಿ ಈಗ ನಮ್ಮ ಮನೆಯ ಕುಂಡದಲ್ಲಿದೆ.

ಜನವರಿಯಲ್ಲಿ ತಾತ ಮೊಮ್ಮಗನಿಗೆ ಜಗಳ. ಅವನು ಮೊಬೈಲಿನಲ್ಲಿ ಎದೆಮಟ್ಟದ ಟೈರು, ಎತ್ತರಿಸಿದ ಬಾಡಿ, ಮುಂದೆ ದಪ್ಪ ಕಬ್ಬಿಣದ ಕಟಕಟೆ ಹಾಕಿದ ಜೀಪುಗಳನ್ನು ತೋರಿಸಿ, "ನಮ್ಮದೂ ಹೀಗೇ ಮಾಡೋಣ" ಎಂದ. ನಾನು ಕಾನೂನು ತೆಗೆದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ರಚನೆಯನ್ನು ನಮ್ಮಿಷ್ಟದಂತೆ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಮುಂದಿನ ಕಟಕಟೆಯನ್ನು 2017ರ ಡಿಸೆಂಬರಿನಲ್ಲೇ ಕೇಂದ್ರ ಸರ್ಕಾರ ಬೇಡವೆಂದಿದೆ, ಏಕೆಂದರೆ ಡಿಕ್ಕಿಯಾದಾಗ ಅದು ಎದುರಿಗೆ ಸಿಕ್ಕಿದ ಪಾದಚಾರಿಯನ್ನು ಜಜ್ಜುತ್ತದೆ. ಮೊಮ್ಮಗ ಮುಖ ಊದಿಸಿಕೊಂಡ. ಆಗ ಮೇಸ್ತ್ರಿ ಅಂದರು, "ತೇರು ನೋಡಿದೀಯಲ್ಲಪ್ಪ, ಎತ್ತರ ಆದಷ್ಟೂ ಓಲಾಡುತ್ತೆ. ಗಾಡೀನೂ ಅಷ್ಟೆ. ನಿಮ್ಮ ದೊಡ್ಡಜ್ಜಿ ಕೂರಬೇಕಾದ ಗಾಡಿ ಇದು. ಅವರು ಹತ್ತೋಕೆ ಏಣಿ ಇಡ್ತೀಯಾ?" ಅಲ್ಲಿಗೆ ಜಗಳ ಮುಗಿಯಿತು. ಮೂಲ ಅಳತೆಯ, ಆಳ ಕಚ್ಚಿನ ಕೆಸರಿನ ಟೈರು ಹಾಕಿಸಿದೆವು. ಅಕ್ಕನ ಸೀಟಿನ ಮುಂದೆ ಹಿಡಿದುಕೊಳ್ಳಲು ಒಂದು ಗಟ್ಟಿ ಹಿಡಿ, ಹತ್ತಲು ಒಂದು ಮೆಟ್ಟಿಲು. ಇದರ ವಿನ್ಯಾಸ ಮೊಮ್ಮಗನದೇ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಬ್ರೇಕಿನ ಎಣ್ಣೆ ಹೋಗುವ ರಬ್ಬರ್ ಪೈಪುಗಳನ್ನು ನಾಲ್ಕೂ ಕಡೆ ಬದಲಿಸಬೇಕೆಂದು ಮೇಸ್ತ್ರಿ ಪಟ್ಟಿ ಕೊಟ್ಟಿದ್ದರು. ಒಂದು ನೋಡಲು ಚೆನ್ನಾಗಿಯೇ ಇತ್ತು. "ಇದು ನಡೆಯುತ್ತೆ ಬಿಡಿ" ಎಂದು ಉಳಿಸಿದೆ. ಜೀವನವಿಡೀ ನಾಲ್ಕಾಣೆ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಕೂತವನ ಬುದ್ಧಿ ಅದು. ಮಾರ್ಚಿಯಲ್ಲಿ ರಾಜಾನುಕುಂಟೆ ಕಡೆ ಪರಿಚಿತರೊಬ್ಬರ ಹೊಲದ ದಿಣ್ಣೆಯ ಮೇಲೆ ಪರೀಕ್ಷೆ ನಡೆಯಿತು. ಮೇಸ್ತ್ರಿ ಓಡಿಸುತ್ತಿದ್ದರು, ಪಕ್ಕದಲ್ಲಿ ಮೊಮ್ಮಗ. ಏರು ಚೆನ್ನಾಗಿ ಹತ್ತಿತು. ಇಳಿಯುವಾಗ ಆ ಹಳೇ ಪೈಪು ಒಡೆಯಿತು. ಇಂಥ ಹಳೇ ಗಾಡಿಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಎಣ್ಣೆಯ ಒಂದೇ ದಾರಿ, ಒಂದು ಕಡೆ ಸೋರಿದರೆ ಎಲ್ಲ ಕಡೆ ಹೋದಂತೆ. ಪೆಡಲು ನೆಲಕ್ಕೆ ತಾಗಿತು. ಲೋ ಗೇರಿನಲ್ಲಿದ್ದದ್ದರಿಂದ ಎಂಜಿನ್ನೇ ಗಾಡಿಯನ್ನು ತಡೆಹಿಡಿದು ಆಮೆಯಂತೆ ಇಳಿಸಿತು. ಮೇಸ್ತ್ರಿ ಬದುವಿಗೆ ಮೆಲ್ಲಗೆ ಒತ್ತಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ನನ್ನ ಕಾಲು ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ನಾನು ಉಳಿಸಿದ್ದು 450 ರೂಪಾಯಿ. ಮೊಮ್ಮಗ ನನ್ನನ್ನು ಬೈಯಲಿಲ್ಲ, ನೀರಿನ ಬಾಟಲಿ ಕೊಟ್ಟ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಮರುದಿನ ಪೈಪು, ಸಿಲಿಂಡರು, ಶೂ ಎಲ್ಲ ಹೊಸದು ಬಂದವು. ಗಾಡಿಯನ್ನು ಹತ್ತಿಸುವುದು ಕಲಿಯುವ ಮೊದಲು ನಿಲ್ಲಿಸುವುದು ಖಾತ್ರಿಯಿರಬೇಕು.

ಕೆಸರಿಗೆ ಇಳಿಯುವ ಮುನ್ನ ಟೈರಿನ ಗಾಳಿ ಸ್ವಲ್ಪ ಬಿಡಬೇಕೆಂದು ಮೇಸ್ತ್ರಿ ಹೇಳಿದಾಗ ನಾನು ನಂಬಲಿಲ್ಲ. ಮೊಮ್ಮಗ ಲೆಕ್ಕ ಬರೆದ. ಒಂದು ಚಕ್ರದ ಮೇಲೆ ಸುಮಾರು 900 ಪೌಂಡ್ ಭಾರ ಎನ್ನಿ. ಟೈರಿನಲ್ಲಿ ಗಾಳಿ 30 ಪೌಂಡ್, ಅಂದರೆ ಪ್ರತಿ ಚದರ ಇಂಚಿಗೆ 30 ಪೌಂಡ್ ಒತ್ತಡ. 900ನ್ನು 30ರಿಂದ ಭಾಗಿಸಿದರೆ ಟೈರು ನೆಲಕ್ಕೆ ತಾಗುವ ಜಾಗ ಸುಮಾರು 30 ಚದರ ಇಂಚು. ಗಾಳಿಯನ್ನು 18ಕ್ಕೆ ಇಳಿಸಿದರೆ 50 ಚದರ ಇಂಚು. ಪಾದ ಅಗಲವಾಯಿತು, ಕೆಸರಿನಲ್ಲಿ ಹೂತುಕೊಳ್ಳುವುದು ಕಡಿಮೆಯಾಯಿತು. ಟಾರು ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬುವುದನ್ನು ಮರೆಯಬಾರದು, ಇಲ್ಲದಿದ್ದರೆ ಟೈರು ಕಾದು ಹಾಳಾಗುತ್ತದೆ. ಬಿ.ಕಾಂ. ಓದಿದ ನನಗೆ ಭಾಗಾಕಾರದಲ್ಲಿ ಇಷ್ಟು ಸುಖ ಹಿಂದೆಂದೂ ಸಿಕ್ಕಿರಲಿಲ್ಲ.

ಮೇ ತಿಂಗಳಲ್ಲಿ ಪಿಕಪ್ಪು ಮತ್ತೆ ಲಾರಿ ಹತ್ತಿ ಊರಿಗೆ ಹೋಯಿತು. ಆರ್‌ಟಿಒ ತಪಾಸಣೆ, ವಿಮೆ, ಹೊಗೆ ಪರೀಕ್ಷೆ ಎಲ್ಲ ಮುಗಿಯುವ ಹೊತ್ತಿಗೆ ಜೂನ್ ಬಂತು, ಮಳೆಯೂ ಬಂತು. ನಾನೂ ಮೊಮ್ಮಗನೂ ಅಲ್ಲೇ ಇದ್ದೆವು. ಅಕ್ಕನ ಡಾಕ್ಟರರ ತಪಾಸಣೆಯ ದಿನ ಬೆಳಿಗ್ಗೆಯಿಂದ ಸುರಿಯುತ್ತಲೇ ಇತ್ತು. ತೋಟದ ಡ್ರೈವರ್ ಮೊದಲು ಗಾಡಿ ಇಳಿದು, ಕೋಲು ಹಿಡಿದು ಹಳ್ಳದಲ್ಲಿ ನಡೆದು ಆಳ ನೋಡಿ ಬಂದ. ನೀರು ಮೊಣಕಾಲಿಗಿಂತ ಕೆಳಗಿತ್ತು. ಮೇಲಿದ್ದರೆ ಗಾಡಿ ಎಂಥದ್ದೇ ಇರಲಿ ಇಳಿಸಬಾರದೆಂದು ಮೊದಲೇ ಮಾತಾಗಿತ್ತು. ಹಳ್ಳ ದಾಟಿ ಸಕಲೇಶಪುರಕ್ಕೆ ಹೋಗಿಬಂದೆವು.

ವಾಪಸ್ ಬರುವಾಗಲೇ ನಿಜವಾದ ಪರೀಕ್ಷೆ. ಏರಿನ ಬುಡದಲ್ಲಿ ನಿಲ್ಲಿಸಿ ಡ್ರೈವರ್ ಎರಡೂ ಚಿಕ್ಕ ಕಡ್ಡಿ ಎಳೆದ. ಗಾಡಿ ಗುರ್ ಎನ್ನುತ್ತಾ ಹೆಜ್ಜೆ ಹೆಜ್ಜೆಗೂ ಮಣ್ಣು ಕಚ್ಚಿ ಹೊರಟಿತು. ಅರ್ಧದಲ್ಲಿ ಹಿಂದಿನ ಚಕ್ರವೊಂದು ಜಾರಿ ತಿರುಗಿತು. ನಾನು ಕಣ್ಣು ಮುಚ್ಚಿಕೊಂಡೆ. ಮುಂದಿನ ಚಕ್ರಗಳು ಹಿಡಿದವು. ಕಣ್ಣು ಬಿಟ್ಟಾಗ ಮನೆಯ ಹೆಂಚು ಕಾಣುತ್ತಿತ್ತು. ಮೊಮ್ಮಗ ಮಾಡಿಸಿದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಅಕ್ಕ, "ನಿಮ್ಮ ಭಾವ ಇಷ್ಟು ನಿಧಾನ ಓಡಿಸ್ತಿರಲಿಲ್ಲ" ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮಳೆಯ ಎರಚಲೆಂದು ನಾವೂ ಸುಮ್ಮನಾದೆವು.

ಒಟ್ಟು ಖರ್ಚು 2,39,000 ರೂಪಾಯಿ. ಭಾವನ ಸಾಲದ ಮೂರು ಪಟ್ಟಿಗಿಂತ ಹೆಚ್ಚು. ಮಾರಲು ಹೋದರೆ ಅರ್ಧವೂ ಹುಟ್ಟುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಎದುರು ಜಮೆಯ ಪುಟ ಇನ್ನೂ ಖಾಲಿ ಇದೆ. ವಾರಕ್ಕೊಮ್ಮೆ ಅಕ್ಕ ಫೋನು ಮಾಡಿ, "ಇವತ್ತು ಸ್ಟಾರ್ಟ್ ಮಾಡಿಸಿ ಹತ್ತು ನಿಮಿಷ ಓಡಿಸಿದೆ ಕಣೋ" ಎನ್ನುತ್ತಾಳೆ. ಆ ತಾರೀಖುಗಳನ್ನು ಜಮೆಯ ಪುಟದಲ್ಲಿ ಬರೆದಿಡುತ್ತಿದ್ದೇನೆ.